ಉಪ್ಪು ಯಾಕೆ ಸಾರ್? — ಡಿಎನ್‌ಎ ಮತ್ತು ಪಾಲಿಮರ್ ನ್ಯಾನೋಕಣಗಳ ವಿದ್ಯುದಾವೇಶವನ್ನು ತರಗತಿಗೆ ತಂದ ಬಗೆ

ಬೋಧನಾಭ್ಯಾಸದ ಎರಡನೇ ವಾರ. 10ನೇ ತರಗತಿಯ ಅನುವಂಶೀಯತೆಯ ಪಾಠಕ್ಕೆ ಪೀಠಿಕೆಯಾಗಿ ಬಾಳೆಹಣ್ಣಿನಿಂದ ಡಿಎನ್‌ಎ ಬೇರ್ಪಡಿಸುವ ಚಟುವಟಿಕೆಯನ್ನು ಇಟ್ಟುಕೊಂಡಿದ್ದೆ. ಹಣ್ಣನ್ನು ಕಿವುಚಿ, ಪಾತ್ರೆ ತೊಳೆಯುವ ಸೋಪಿನ ನೀರು ಮತ್ತು ಒಂದು ಚಿಟಿಕೆ ಉಪ್ಪು ಬೆರೆಸಿ, ಬಟ್ಟೆಯಲ್ಲಿ ಸೋಸಿದೆವು. ಸೋಸಿದ ರಸದ ಮೇಲೆ ತಣ್ಣಗಿನ ಸ್ಪಿರಿಟನ್ನು ಗಾಜಿನ ಅಂಚಿಗೆ ತಾಗಿಸಿ ನಿಧಾನವಾಗಿ ಸುರಿದಾಗ ಬಿಳಿಯ ಎಳೆಗಳು ಮೇಲೆದ್ದವು. ತರಗತಿ ಚಪ್ಪಾಳೆ ತಟ್ಟಿತು. ಆಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಸೋಪು ಯಾಕೆ ಅಂತ ಗೊತ್ತಾಯ್ತು, ಜೀವಕೋಶದ ಪೊರೆ ಒಡೆಯೋಕೆ. ಉಪ್ಪು ಯಾಕೆ ಸಾರ್?"

ನನ್ನ ಪಾಠ ಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. "ಉಪ್ಪೂ ಅದಕ್ಕೇ, ಪೊರೆ ಬೇಗ ಒಡೆಯಲಿ ಅಂತ" ಎಂದು ಹೇಳಿ ಮುಂದೆ ಹೋದೆ. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಸ್ಕೇಲ್ ಇಟ್ಟು ಅಡಿಗೆರೆ ಎಳೆದಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ಚಟುವಟಿಕೆ ಚೆನ್ನಾಗಿದೆ. ಉಪ್ಪಿನ ಕೆಲಸವನ್ನು ಪರಿಶೀಲಿಸಿ."

ಪರಿಶೀಲಿಸಿದೆ. ನಾನು ಹೇಳಿದ್ದು ತಪ್ಪಾಗಿತ್ತು. ಆ ಒಂದು ಚಿಟಿಕೆ ಉಪ್ಪಿನ ಹಿಂದೆ ಹೋದವನು ಬಂದು ತಲುಪಿದ್ದು ಔಷಧ ವಿಜ್ಞಾನದ ಒಂದು ದೊಡ್ಡ ಪ್ರಶ್ನೆಗೆ. ಡಿಎನ್‌ಎಯನ್ನು ಪಾಲಿಮರಿನಲ್ಲಿ ಸುತ್ತಿ ಜೀವಕೋಶದ ಒಳಗೆ ಕಳುಹಿಸುವುದು ಹೇಗೆ, ಆ ಸಣ್ಣ ಕಣಗಳು ತಾವಾಗಿಯೇ ಕಟ್ಟಿಕೊಳ್ಳುವುದು ಹೇಗೆ, ಅವುಗಳ ವಿದ್ಯುದಾವೇಶ ಎಷ್ಟಿರಬೇಕು ಎಂಬುದೇ ಆ ಪ್ರಶ್ನೆ. ಪ್ರಶಿಕ್ಷಣಾರ್ಥಿ ಮಿತ್ರರಿಗೆ ಉಪಯೋಗವಾಗಲೆಂದು, ನಾನು ತಿಳಿದುಕೊಂಡದ್ದನ್ನೂ ಅದನ್ನು ಮಕ್ಕಳ ಮುಂದೆ ಇಟ್ಟ ಕ್ರಮವನ್ನೂ ಇಲ್ಲಿ ಬರೆದಿದ್ದೇನೆ.

ಡಿಎನ್‌ಎ ಒಂದು ಆವೇಶದ ಸರಪಳಿ

ಡಿಎನ್‌ಎ ಎಂದರೆ ತಿರುಚಿದ ಏಣಿ ಎಂದು ನಾವು ಚಿತ್ರ ಬರೆಯುತ್ತೇವೆ. ಮೆಟ್ಟಿಲುಗಳೇ ಪ್ರತ್ಯಾಮ್ಲ ಜೋಡಿಗಳು. ಅನುವಂಶೀಯತೆಯ ಪಾಠದಲ್ಲಿ ನಮ್ಮ ಗಮನವೆಲ್ಲ ಮೆಟ್ಟಿಲುಗಳ ಮೇಲೆ. ಆದರೆ ವಿದ್ಯುತ್ತಿನ ಕಥೆ ಇರುವುದು ಏಣಿಯ ಎರಡು ಪಕ್ಕದ ಮರಗಳಲ್ಲಿ. ಅವು ಸಕ್ಕರೆ ಮತ್ತು ಫಾಸ್ಫೇಟ್‌ಗಳಿಂದ ಆದವು. ನೀರಿನಲ್ಲಿ ಪ್ರತಿ ಫಾಸ್ಫೇಟ್ ಗುಂಪೂ ಒಂದು ಋಣಾವೇಶವನ್ನು ಹೊತ್ತಿರುತ್ತದೆ. ಪ್ರತಿ ಮೆಟ್ಟಿಲಿಗೆ ಎರಡು ಫಾಸ್ಫೇಟ್, ಅಂದರೆ ಎರಡು ಋಣಾವೇಶ. ಮೆಟ್ಟಿಲಿಂದ ಮೆಟ್ಟಿಲಿಗೆ ದೂರ 0.34 ನ್ಯಾನೋಮೀಟರ್. ಹಾಗಾಗಿ ಏಣಿಯ ಉದ್ದಕ್ಕೂ ಸರಾಸರಿ 0.17 ನ್ಯಾನೋಮೀಟರಿಗೆ ಒಂದು ಋಣಾವೇಶ ಬರುತ್ತದೆ.

ಇದನ್ನು ಕಪ್ಪುಹಲಗೆಯ ಮೇಲೆ ಲೆಕ್ಕವಾಗಿ ಕೊಡಬಹುದು. ಪ್ರಯೋಗಾಲಯದಲ್ಲಿ ಬಳಸುವ ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿಎನ್‌ಎಯಲ್ಲಿ 5,000 ಪ್ರತ್ಯಾಮ್ಲ ಜೋಡಿಗಳಿವೆ ಎಂದುಕೊಳ್ಳಿ. ಅದರ ಋಣಾವೇಶಗಳೆಷ್ಟು? 10,000. ಬಿಡಿಸಿ ನೀಳವಾಗಿ ಹಿಡಿದರೆ ಉದ್ದ ಎಷ್ಟು? 5,000ವನ್ನು 0.34ರಿಂದ ಗುಣಿಸಿದರೆ 1,700 ನ್ಯಾನೋಮೀಟರ್. ಮಕ್ಕಳು ಇದನ್ನು ಒಂದು ನಿಮಿಷದಲ್ಲಿ ಮಾಡಿದರು.

8ನೇ ತರಗತಿಯಲ್ಲಿ ಬಲೂನು ಉಜ್ಜಿ ಕಲಿತ ಪಾಠ ಈಗ ಕೆಲಸಕ್ಕೆ ಬರುತ್ತದೆ. ಸಜಾತಿ ಆವೇಶಗಳು ವಿಕರ್ಷಿಸುತ್ತವೆ. ಒಂದು ಡಿಎನ್‌ಎ ಎಳೆ ಇನ್ನೊಂದನ್ನು ದೂರ ತಳ್ಳುತ್ತದೆ. ಆದ್ದರಿಂದಲೇ ಬಾಳೆಹಣ್ಣಿನ ರಸದಲ್ಲಿ ಡಿಎನ್‌ಎ ಕರಗಿ ಹರಡಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಉಪ್ಪು ಹಾಕಿದಾಗ ಧನಾವೇಶವುಳ್ಳ ಸೋಡಿಯಂ ಅಯಾನುಗಳು ಫಾಸ್ಫೇಟ್‌ಗಳ ಸುತ್ತ ಬಂದು ನಿಂತು ಆ ವಿಕರ್ಷಣೆಗೆ ಮರೆ ಹಿಡಿಯುತ್ತವೆ. ಆಮೇಲೆ ಸ್ಪಿರಿಟ್ ಬರುತ್ತದೆ. ಎರಡು ಆವೇಶಗಳ ನಡುವಿನ ಬಲವನ್ನು ನೀರು ಸುಮಾರು 80 ಪಟ್ಟು ಕುಗ್ಗಿಸುತ್ತದೆ. ಶುದ್ಧ ಎಥನಾಲ್ ಕುಗ್ಗಿಸುವುದು ಸುಮಾರು 24 ಪಟ್ಟು ಮಾತ್ರ. ಆದ್ದರಿಂದ ಸ್ಪಿರಿಟ್ ಬೆರೆತಲ್ಲಿ ಸೋಡಿಯಂ ಫಾಸ್ಫೇಟನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಆವೇಶ ಅಡಗಿದ ಎಳೆಗಳು ಒಂದಕ್ಕೊಂದು ಅಂಟಿ ಬಿಳಿಯಾಗಿ ಹೊರಬೀಳುತ್ತವೆ. ಉಪ್ಪಿನ ಮುಖ್ಯ ಕೆಲಸ ಪೊರೆ ಒಡೆಯುವುದಲ್ಲ, ಆವೇಶಕ್ಕೆ ಮರೆಯಾಗುವುದು.

ಒಳಗೆ ಕಳುಹಿಸುವ ಕಷ್ಟ

ದೋಷವಿರುವ ಒಂದು ಜೀನಿನ ಬದಲಿಗೆ ಸರಿಯಾದ ಜೀನನ್ನು ಜೀವಕೋಶಕ್ಕೆ ಕೊಡಬೇಕು ಎಂದಿಟ್ಟುಕೊಳ್ಳಿ. ಮೂರು ಅಡ್ಡಿಗಳಿವೆ. ಒಂದು, ಡಿಎನ್‌ಎ ತುಂಬ ದೊಡ್ಡದು, ಹರಡಿಕೊಂಡಿರುವಂಥದು. ಎರಡು, ರಕ್ತದಲ್ಲಿರುವ ಕಿಣ್ವಗಳು ಬರಿಯ ಡಿಎನ್‌ಎಯನ್ನು ತುಂಡರಿಸುತ್ತವೆ. ಮೂರು, ಜೀವಕೋಶದ ಹೊರಮೈಯೂ ಋಣಾವೇಶದ್ದೇ. ಅಲ್ಲಿನ ಸಕ್ಕರೆ ಸರಪಳಿಗಳ ತುದಿಯಲ್ಲಿ ಆಮ್ಲ ಗುಂಪುಗಳಿವೆ. ಋಣ ಋಣವನ್ನು ತಳ್ಳುತ್ತದೆ. ಬಾಗಿಲಿಗೆ ಬಂದ ಡಿಎನ್‌ಎ ಒಳಗೆ ಹೋಗುವುದಿಲ್ಲ.

ಪ್ರಕೃತಿ ಇಂಥದೇ ಒಂದು ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದೆ. ನಮ್ಮ ಒಂದು ಜೀವಕೋಶದ ಡಿಎನ್‌ಎಯನ್ನೆಲ್ಲ ಜೋಡಿಸಿದರೆ ಸುಮಾರು 2 ಮೀಟರ್ ಉದ್ದ. ಅದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತ ದೊಡ್ಡದಲ್ಲದ ಕೋಶಕೇಂದ್ರದಲ್ಲಿ ಹಿಡಿಸುವುದು ಹಿಸ್ಟೋನ್ ಎಂಬ ಪ್ರೋಟೀನುಗಳಿಂದ. ಹಿಸ್ಟೋನಿನಲ್ಲಿ ಲೈಸೀನ್, ಆರ್ಜಿನೀನ್ ಎಂಬ ಧನಾವೇಶದ ಅಮೈನೋ ಆಮ್ಲಗಳು ಹೇರಳ. 8 ಹಿಸ್ಟೋನ್‌ಗಳ ಗುಂಪಿನ ಮೇಲೆ 147 ಪ್ರತ್ಯಾಮ್ಲ ಜೋಡಿಗಳಷ್ಟು ಡಿಎನ್‌ಎ ಬುಗುರಿಗೆ ಚಾಟಿ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತದೆ.

ವಿಜ್ಞಾನಿಗಳು ಹಿಡಿದದ್ದೂ ಇದೇ ದಾರಿ. ಧನಾವೇಶ ಹೊತ್ತ ಉದ್ದನೆಯ ಪಾಲಿಮರ್ ಸರಪಳಿಯನ್ನು ಡಿಎನ್‌ಎ ದ್ರಾವಣಕ್ಕೆ ಬೆರೆಸುವುದು. 1980ರ ದಶಕದಲ್ಲಿ ಲೈಸೀನನ್ನೇ ಪೋಣಿಸಿದ ಪಾಲಿಲೈಸೀನ್ ಬಳಕೆಗೆ ಬಂತು. 1995ರಲ್ಲಿ ಪಾಲಿಎಥಿಲೀನಿಮೀನ್ ಎಂಬ ಪಾಲಿಮರ್ ಈ ಕೆಲಸಕ್ಕೆ ಒದಗುತ್ತದೆ ಎಂದು ಫ್ರಾನ್ಸಿನ ಸಂಶೋಧಕರು ತೋರಿಸಿದರು. ಅದರ ಬೆನ್ನೆಲುಬಿನಲ್ಲಿ ಪ್ರತಿ ಮೂರನೇ ಪರಮಾಣು ನೈಟ್ರೋಜನ್. ನೈಟ್ರೋಜನ್ ನೀರಿನಿಂದ ಒಂದು ಪ್ರೋಟಾನನ್ನು ಹಿಡಿದುಕೊಂಡರೆ ಅಲ್ಲಿ ಒಂದು ಧನಾವೇಶ. ಇಂಥ ಪಾಲಿಮರನ್ನು ಡಿಎನ್‌ಎಗೆ ಬೆರೆಸಿ ಅಲುಗಾಡಿಸಿದರೆ, ಕೆಲವೇ ನಿಮಿಷಗಳಲ್ಲಿ ಸುಮಾರು 100 ನ್ಯಾನೋಮೀಟರ್ ಅಳತೆಯ ಕಣಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಯಾರೂ ಅಚ್ಚು ಹಾಕುವುದಿಲ್ಲ, ಹೊಲಿಗೆ ಹಾಕುವುದಿಲ್ಲ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದರೆ ಈ ಕಣದ ಗಾತ್ರ ಮಕ್ಕಳಿಗೆ ಅಂದಾಜಾಗುತ್ತದೆ. ಕೆಲವೊಮ್ಮೆ ಅಡಕಗೊಂಡ ಡಿಎನ್‌ಎ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಡುವೆ ತೂತಿರುವ ಉದ್ದಿನ ವಡೆಯ ಆಕಾರದಲ್ಲಿ ಕಾಣುತ್ತದೆ. ಇದನ್ನು ಹೇಳಿದಾಗ ತರಗತಿ ನಕ್ಕಿತು, ಆದರೆ ಆಕಾರವನ್ನು ಯಾರೂ ಮರೆಯಲಿಲ್ಲ.

ಆಕರ್ಷಣೆ ಅಷ್ಟೇ ಅಲ್ಲ

"ವಿಜಾತಿ ಆವೇಶಗಳು ಆಕರ್ಷಿಸುತ್ತವೆ, ಅದಕ್ಕೇ ಕಣ ಕಟ್ಟುತ್ತದೆ" ಎಂದು ಇಲ್ಲಿಗೇ ಮುಗಿಸಲು ಹೊರಟಿದ್ದೆ. ಓದುತ್ತಾ ಹೋದಂತೆ ಈ ಉತ್ತರವೂ ಅರ್ಧ ಎಂದು ತಿಳಿಯಿತು.

ನೀರಿನಲ್ಲಿ ಡಿಎನ್‌ಎ ಒಂಟಿಯಾಗಿ ಇರುವುದೇ ಇಲ್ಲ. ಅಷ್ಟು ಒತ್ತೊತ್ತಾಗಿ ಋಣಾವೇಶ ಇರುವಲ್ಲಿ ಸೋಡಿಯಂನಂಥ ಅಯಾನುಗಳು ಬಂದು ಅಂಟಿಕೊಂಡೇ ಇರುತ್ತವೆ. ಎಷ್ಟು ಅಂಟುತ್ತವೆ ಎಂಬ ಲೆಕ್ಕವನ್ನು 1969ರಲ್ಲಿ ಜೆರಾಲ್ಡ್ ಮ್ಯಾನಿಂಗ್ ಕೊಟ್ಟರು. ಸಾಮಾನ್ಯ ಉಷ್ಣತೆಯ ನೀರಿನಲ್ಲಿ ಸರಪಳಿಯ ಆವೇಶಗಳು ಸುಮಾರು 0.7 ನ್ಯಾನೋಮೀಟರಿಗಿಂತ ಹತ್ತಿರ ಇದ್ದರೆ, ಆ ಅಂತರಕ್ಕೆ ಸಮನಾಗುವವರೆಗೆ ವಿರುದ್ಧ ಅಯಾನುಗಳು ಸರಪಳಿಯ ಮೇಲೆ ನೆಲೆಸುತ್ತವೆ. ಡಿಎನ್‌ಎಯಲ್ಲಿ ಅಂತರ 0.17. ಅದನ್ನು 0.7ರಿಂದ ಭಾಗಿಸಿದರೆ ಸುಮಾರು 0.24. ಅಂದರೆ ಶೇಕಡಾ 24ರಷ್ಟು ಆವೇಶ ಮಾತ್ರ ಹೊರಗೆ ಕಾಣುತ್ತದೆ, ಶೇಕಡಾ 76ರಷ್ಟನ್ನು ಸೋಡಿಯಂ ಆಗಲೇ ಮುಚ್ಚಿದೆ. ಡಿಎನ್‌ಎ ಮುದುಡಿ ಉಂಡೆಯಾಗಲು ಸುಮಾರು ಶೇಕಡಾ 90ರಷ್ಟು ಆವೇಶ ಮುಚ್ಚಬೇಕು. ಬರಿಯ ಉಪ್ಪುನೀರಿನಲ್ಲಿ ಡಿಎನ್‌ಎ ಮುದುಡದೆ ಇರುವುದಕ್ಕೆ ಮತ್ತು ಬಾಳೆಹಣ್ಣಿನ ಪ್ರಯೋಗದಲ್ಲಿ ಉಪ್ಪಿನ ಜೊತೆಗೆ ಸ್ಪಿರಿಟೂ ಬೇಕಾಗುವುದಕ್ಕೆ ಇದೇ ಕಾರಣ.

ಪಾಲಿಮರಿನ ಸುತ್ತಲೂ ಹಾಗೆಯೇ ಕ್ಲೋರೈಡ್ ಅಯಾನುಗಳಿರುತ್ತವೆ. ಎರಡು ಸರಪಳಿಗಳು ಸೇರಿದಾಗ ಅಂಟಿಕೊಂಡಿದ್ದ ಸೋಡಿಯಂ, ಕ್ಲೋರೈಡ್‌ಗಳು ಬಿಡುಗಡೆಯಾಗಿ ನೀರಿನೊಳಗೆ ಓಡುತ್ತವೆ. ಕಟ್ಟಿಹಾಕಿದ್ದ ನೂರಾರು ಅಯಾನುಗಳು ಸ್ವತಂತ್ರವಾಗಿ ಚಲಿಸತೊಡಗುವುದೇ ಕಣ ಕಟ್ಟುವ ಕ್ರಿಯೆಯನ್ನು ಮುಂದೆ ತಳ್ಳುವ ದೊಡ್ಡ ಶಕ್ತಿ. ಪಿಯುಸಿಯಲ್ಲಿ ಎಂಟ್ರೋಪಿ ಓದಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಹೊರನೋಟಕ್ಕೆ ವ್ಯವಸ್ಥೆ ಹೆಚ್ಚಿದಂತೆ ಕಾಣುತ್ತದೆ, ಆದರೆ ಒಟ್ಟಾರೆ ಅವ್ಯವಸ್ಥೆಯೇ ಹೆಚ್ಚಿರುತ್ತದೆ.

10ನೇ ತರಗತಿಗೆ ಎಂಟ್ರೋಪಿ ಎಂಬ ಪದವನ್ನು ನಾನು ಬಳಸಲಿಲ್ಲ, ಆಟ ಆಡಿಸಿದೆ. 8 ಮಕ್ಕಳು ಕೈಕೈ ಹಿಡಿದು ನಿಂತರು: ಡಿಎನ್‌ಎ. ಒಬ್ಬೊಬ್ಬರ ಹೆಗಲ ಮೇಲೆ ಕೈಯಿಟ್ಟು ಒಬ್ಬೊಬ್ಬ ಸೋಡಿಯಂ. ಎದುರಿಗೆ ಇನ್ನೊಂದು 8 ಮಕ್ಕಳ ಸಾಲು: ಪಾಲಿಮರ್. ಅವರ ಹೆಗಲ ಮೇಲೆ ಕ್ಲೋರೈಡ್‌ಗಳು. ಎರಡು ಸಾಲುಗಳು ಹತ್ತಿರ ಬಂದು ಜೋಡಿಯಾದ ಕೂಡಲೇ ಹೆಗಲ ಮೇಲಿದ್ದವರು ಕೈಬಿಟ್ಟು ಮೈದಾನದಲ್ಲಿ ಎಲ್ಲೆಂದರಲ್ಲಿ ಓಡಬಹುದು ಎಂಬುದು ನಿಯಮ. "ಎಷ್ಟು ಜೋಡಿ ಆಯ್ತು?" ಎಂದು ಕೇಳಿದೆ. "ಒಂದು ಸಾರ್." "ಎಷ್ಟು ಜನ ಬಿಡುಗಡೆ ಆದ್ರು?" "ಹದಿನಾರು!" ಒಂದು ಕಟ್ಟು, ಹದಿನಾರು ಬಿಡುಗಡೆ. ಮುಂದಿನ ತರಗತಿಗಳಲ್ಲಿ ಇದಕ್ಕೆ ಒಂದು ಹೆಸರು ಸಿಗುತ್ತದೆ ಎಂದಷ್ಟೇ ಹೇಳಿ ನಿಲ್ಲಿಸಿದೆ. ವಾಸ್ತವದಲ್ಲಿ ಎಲ್ಲ ಆವೇಶಗಳ ಮೇಲೂ ಅಯಾನು ಅಂಟಿರುವುದಿಲ್ಲ, ಇದು ಲೆಕ್ಕ ಸುಲಭವಾಗಲೆಂದು ಮಾಡಿಕೊಂಡ ಆಟ ಎಂಬುದನ್ನೂ ಹೇಳಿದೆ.

ಸಮಸಮ ಆದಮೇಲೆ ಸೊನ್ನೆಯಾಗಬೇಕಲ್ಲ?

ಆಟ ಮುಗಿದ ಮೇಲೆ ಕಪ್ಪುಹಲಗೆಯಲ್ಲಿ ಕಣದ ಚಿತ್ರ ಬರೆದು, ಹೊರಮೈಯಲ್ಲಿ ಧನಚಿಹ್ನೆಗಳನ್ನು ಹಾಕಿದೆ. ಓಡಾಡಿ ಬೆವರಿದ್ದ ಹುಡುಗನೊಬ್ಬ ಕೇಳಿದ: "ಸಮಸಮ ಆದ್ಮೇಲೆ ಸೊನ್ನೆ ಆಗ್ಬೇಕಲ್ಲ ಸಾರ್, ಮತ್ತೆ ಕಣಕ್ಕೆ ಧನಾವೇಶ ಹೇಗೆ ಬಂತು?"

ಈ ವಿಷಯದ ತಿರುಳೇ ಈ ಪ್ರಶ್ನೆ. ಈ ಸಲ ನನ್ನ ಬಳಿ ಉತ್ತರವಿತ್ತು.

ಸಂಶೋಧಕರು ಬೆರಕೆಯನ್ನು ಅಳೆಯುವುದು ಎನ್/ಪಿ ಅನುಪಾತದಿಂದ. ಪಾಲಿಮರಿನ ನೈಟ್ರೋಜನ್‌ಗಳ ಸಂಖ್ಯೆಯನ್ನು ಡಿಎನ್‌ಎಯ ಫಾಸ್ಫೇಟ್‌ಗಳ ಸಂಖ್ಯೆಯಿಂದ ಭಾಗಿಸಿದ ಫಲವೇ ಅದು. ಲೆಕ್ಕ ಸುಲಭ. 1 ಮೈಕ್ರೋಗ್ರಾಂ ಡಿಎನ್‌ಎಯಲ್ಲಿ ಸುಮಾರು 3 ನ್ಯಾನೋಮೋಲ್ ಫಾಸ್ಫೇಟ್ ಇರುತ್ತದೆ. ಪಾಲಿಎಥಿಲೀನಿಮೀನಿನಲ್ಲಿ ಪ್ರತಿ ನೈಟ್ರೋಜನ್‌ಗೆ 43 ಘಟಕ ರಾಶಿ. ಎನ್/ಪಿ 10 ಬೇಕೆಂದರೆ 30 ನ್ಯಾನೋಮೋಲ್ ನೈಟ್ರೋಜನ್, ಅಂದರೆ ಸುಮಾರು 1.3 ಮೈಕ್ರೋಗ್ರಾಂ ಪಾಲಿಮರ್.

ಎನ್/ಪಿ 1 ಆದರೆ ಆವೇಶಗಳು ಸಮ ಎಂದುಕೊಂಡರೆ ತಪ್ಪಾಗುತ್ತದೆ. ದೇಹದ ಪಿಹೆಚ್ ಆದ 7.4ರಲ್ಲಿ ಪಾಲಿಎಥಿಲೀನಿಮೀನಿನ ಎಲ್ಲ ನೈಟ್ರೋಜನ್‌ಗಳೂ ಪ್ರೋಟಾನ್ ಹಿಡಿದಿರುವುದಿಲ್ಲ, ಒಂದು ಭಾಗ ಮಾತ್ರ ಹಿಡಿದಿರುತ್ತವೆ. ಪಕ್ಕಪಕ್ಕದ ನೈಟ್ರೋಜನ್‌ಗಳೆರಡೂ ಧನವಾದರೆ ಒಂದನ್ನೊಂದು ತಳ್ಳುತ್ತವಲ್ಲ! ಹಾಗಾಗಿ ಡಿಎನ್‌ಎ ಪೂರ್ತಿ ಕಟ್ಟಿಕೊಳ್ಳಲು ಎನ್/ಪಿ ಸುಮಾರು 2ರಿಂದ 3 ಬೇಕಾಗುತ್ತದೆ. ಇದನ್ನು ಜೆಲ್ ಮೇಲೆ ನೋಡುತ್ತಾರೆ. ಅಗರೋಸ್ ಜೆಲ್‌ನ ಗುಳಿಗಳಲ್ಲಿ ಮಾದರಿ ಹಾಕಿ ವಿದ್ಯುತ್ ಹರಿಸಿದರೆ ಬರಿಯ ಡಿಎನ್‌ಎ ಧನ ಎಲೆಕ್ಟ್ರೋಡಿನ ಕಡೆಗೆ ಓಡುತ್ತದೆ. ಪಾಲಿಮರ್ ಹೆಚ್ಚಿದಂತೆ ಓಡುವ ಡಿಎನ್‌ಎ ಕಡಿಮೆಯಾಗುತ್ತಾ, ಕೊನೆಗೆ ಎಲ್ಲವೂ ಗುಳಿಯಲ್ಲೇ ಉಳಿದುಬಿಡುತ್ತದೆ.

ಧನಾವೇಶ ಬರುವುದು ಅದಕ್ಕೂ ಮುಂದೆ. ಡಿಎನ್‌ಎ ಗಡುಸಾದ ಸರಪಳಿ, ಪಾಲಿಮರ್ ಬಳುಕುವಂಥದು. ಎರಡರ ಆವೇಶಗಳ ನಡುವಿನ ಅಂತರವೂ ಬೇರೆ. ಒಂದಕ್ಕೆ ಒಂದು ಎಂದು ಗುಂಡಿ ಹಾಕಿದ ಹಾಗೆ ಅವು ಕೂಡುವುದಿಲ್ಲ. ಕೆಲವು ಕಡೆ ಪಾಲಿಮರಿನ ಕುಣಿಕೆಗಳು, ಬಾಲಗಳು ಹೊರಗೆ ಉಳಿಯುತ್ತವೆ. ದ್ರಾವಣದಲ್ಲಿ ಪಾಲಿಮರ್ ಹೆಚ್ಚಾಗಿದ್ದರೆ ಇಂಥ ಬಾಲಗಳೂ ಹೆಚ್ಚು. ಅವುಗಳ ಧನಾವೇಶವೇ ಕಣದ ಹೊರಮೈಯ ಆವೇಶ. ಇದನ್ನು ತೋರಿಸಲು 8 ಮಕ್ಕಳ ಡಿಎನ್‌ಎ ಸಾಲಿಗೆ 12 ಮಕ್ಕಳ ಪಾಲಿಮರ್ ಸಾಲನ್ನು ಜೋಡಿಸಿದೆ. 4 ಮಕ್ಕಳು ತುದಿಯಲ್ಲಿ ತೂಗಾಡಿದರು. "ನಾವೇ ಸಾರ್ ಧನಾವೇಶ!" ಎಂದು ಅವರೇ ಕೂಗಿದರು.

ಇನ್ನೊಂದು ಕಾರಣವೂ ಇದೆ. ಆವೇಶ ಸರಿಯಾಗಿ ಸೊನ್ನೆಯಾದ ಕಣಗಳು ಕಣಗಳಾಗಿ ಉಳಿಯುವುದೇ ಇಲ್ಲ. ಒಂದನ್ನೊಂದು ತಳ್ಳಲು ಅವುಗಳ ಬಳಿ ಏನೂ ಇಲ್ಲ. ಅಂಟಿಕೊಂಡು ದೊಡ್ಡ ಗಂಟುಗಳಾಗಿ ತಳಕ್ಕಿಳಿಯುತ್ತವೆ. ನಮಗೆ ಸಣ್ಣ ಕಣಗಳಾಗಿ ಸಿಗುವುದು ಋಣವೋ ಧನವೋ ಉಳಿಸಿಕೊಂಡವು ಮಾತ್ರ.

ಇದಕ್ಕೆ ಮನೆಯ ಉದಾಹರಣೆ ಕೆಸರು ನೀರಿಗೆ ಪಟಿಕ ಹಾಕುವುದು. ಮಣ್ಣಿನ ಕಲಿಲ ಕಣಗಳು ಋಣಾವೇಶದವು, ಅದಕ್ಕೇ ತೇಲುತ್ತಿರುತ್ತವೆ. ಪಟಿಕದ ಅಲ್ಯೂಮಿನಿಯಂ ಅದನ್ನು ಸೊನ್ನೆ ಮಾಡಿದರೆ ಗಂಟುಕಟ್ಟಿ ತಳಕ್ಕಿಳಿಯುತ್ತವೆ. ನೀರು ಶುದ್ಧೀಕರಣ ಘಟಕಗಳಲ್ಲಿ ಅಳತೆ ಮೀರಿ ಹಾಕಿದರೆ ಕಣಗಳು ಧನಾವೇಶ ಪಡೆದು ಮತ್ತೆ ತೇಲತೊಡಗುವುದೂ ಉಂಟು. ಹಾಲಿಗೆ ನಿಂಬೆರಸ ಹಿಂಡಿದಾಗಲೂ ಇದೇ ಕಥೆ. ಕೇಸೀನ್ ಕಣಗಳ ಋಣಾವೇಶ ಪಿಹೆಚ್ 4.6ರ ಹತ್ತಿರ ಸೊನ್ನೆಯಾಗಿ ಹಾಲು ಒಡೆಯುತ್ತದೆ. ಈ ಎರಡೂ ಪ್ರಯೋಗಗಳಿಗೆ ಒಂದು ರೂಪಾಯಿಯೂ ಖರ್ಚಿಲ್ಲ. ನಾನು ಎರಡನ್ನೂ ಮೇಜಿನ ಮೇಲೆ ಮಾಡಿ ತೋರಿಸಿದೆ.

ಕಾಣದ ಕಣದ ಆವೇಶವನ್ನು ಅಳೆಯುವುದು

ಕಣವನ್ನು ಕೈಯಲ್ಲಿ ಹಿಡಿದು ಆವೇಶ ಅಳೆಯಲು ಆಗುವುದಿಲ್ಲ. ವಿದ್ಯುತ್ ಕ್ಷೇತ್ರದಲ್ಲಿ ಇಟ್ಟು ಓಟವನ್ನು ಅಳೆಯುತ್ತಾರೆ. ಓಡುವಾಗ ಕಣ ಒಂಟಿಯಾಗಿ ಓಡುವುದಿಲ್ಲ. ಮೈಗಂಟಿದ ಅಯಾನುಗಳನ್ನೂ ಸ್ವಲ್ಪ ನೀರನ್ನೂ ಅಂಗಿಯಂತೆ ಎಳೆದುಕೊಂಡು ಹೋಗುತ್ತದೆ. ಆ ಅಂಗಿಯ ಹೊರ ಅಂಚಿನಲ್ಲಿರುವ ವಿಭವವೇ ಜೀಟಾ ವಿಭವ. ಲೇಸರ್ ಬೆಳಕನ್ನು ಹಾಯಿಸಿ, ಓಡುವ ಕಣಗಳಿಂದ ಚದುರಿದ ಬೆಳಕಿನ ಆವೃತ್ತಿ ಎಷ್ಟು ಬದಲಾಯಿತು ಎಂದು ನೋಡಿ ವೇಗವನ್ನು ಕಂಡುಕೊಳ್ಳುತ್ತಾರೆ. ಸೆಂಟಿಮೀಟರಿಗೆ 1 ವೋಲ್ಟ್ ಕ್ಷೇತ್ರದಲ್ಲಿ ಕಣ ಸೆಕೆಂಡಿಗೆ 2 ಮೈಕ್ರೋಮೀಟರ್ ಓಡಿದರೆ, 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅದರ ಜೀಟಾ ವಿಭವ ಸುಮಾರು 25 ಮಿಲಿವೋಲ್ಟ್.

ಎನ್/ಪಿ ಹೆಚ್ಚಿಸುತ್ತಾ ಹೋದರೆ ಜೀಟಾ ವಿಭವ ಮೊದಲು ಋಣವಾಗಿರುತ್ತದೆ, ಸೊನ್ನೆಯನ್ನು ದಾಟುತ್ತದೆ, ಆಮೇಲೆ 20ರಿಂದ 40 ಮಿಲಿವೋಲ್ಟ್ ಧನದ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಅದೇ ನಕ್ಷೆಯಲ್ಲಿ ಕಣದ ಗಾತ್ರವನ್ನೂ ಗುರುತಿಸಿದರೆ, ವಿಭವ ಸೊನ್ನೆಯಾಗುವ ಕಡೆ ಗಾತ್ರ ಗುಡ್ಡದಂತೆ ಏರಿ ಇಳಿಯುತ್ತದೆ. ಈ ಎರಡು ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಬರೆಸಿ. ಆವೇಶಕ್ಕೂ ಗಾತ್ರಕ್ಕೂ ಇರುವ ನಂಟು ಮಾತಿಲ್ಲದೆ ತಿಳಿಯುತ್ತದೆ. ಸಾಮಾನ್ಯವಾಗಿ 30 ಮಿಲಿವೋಲ್ಟಿಗಿಂತ ಹೆಚ್ಚಿನ ಧನ ಅಥವಾ ಋಣ ವಿಭವವಿದ್ದರೆ ಕಲಿಲ ಸ್ಥಿರ ಎಂಬುದು ರೂಢಿಯ ಅಂದಾಜು.

ಮತ್ತೆ ಉಪ್ಪು

ಇಷ್ಟೆಲ್ಲ ಸುತ್ತಿ ಬಂದಮೇಲೆ ಉಪ್ಪು ಮತ್ತೆ ಎದುರಾಯಿತು. ಆವೇಶದ ಪ್ರಭಾವ ನೀರಿನಲ್ಲಿ ಎಷ್ಟು ದೂರ ತಲುಪುತ್ತದೆ ಎಂಬುದಕ್ಕೆ ಡಿಬೈ ದೂರ ಎಂಬ ಅಳತೆಯಿದೆ. ಲೀಟರಿಗೆ 1 ಮಿಲಿಮೋಲ್ ಉಪ್ಪಿದ್ದರೆ ಅದು ಸುಮಾರು 10 ನ್ಯಾನೋಮೀಟರ್. ಆಸ್ಪತ್ರೆಯ ಸಲೈನಿನಷ್ಟು, ಅಂದರೆ ಶೇಕಡಾ 0.9 ಉಪ್ಪಿದ್ದರೆ 1 ನ್ಯಾನೋಮೀಟರಿಗೂ ಕಡಿಮೆ. ಕಣಗಳ ಸುತ್ತಲಿನ ವಿದ್ಯುತ್ ಬೇಲಿ ಅಷ್ಟು ಕುಗ್ಗಿದರೆ ಅವು ಹತ್ತಿರ ಬಂದು ಅಂಟಿಕೊಳ್ಳುತ್ತವೆ. ಪಾಲಿಎಥಿಲೀನಿಮೀನ್ ಕಣಗಳನ್ನು ಶೇಕಡಾ 5ರ ಗ್ಲುಕೋಸ್ ನೀರಿನಲ್ಲಿ ಕಟ್ಟಿದರೆ ಸಣ್ಣದಾಗಿಯೇ ಉಳಿಯುತ್ತವೆ, ಸಲೈನಿನಲ್ಲಿ ಕಟ್ಟಿದರೆ ಬೆಳೆದು ದೊಡ್ಡ ಗಂಟುಗಳಾಗುತ್ತವೆ. ಗ್ಲುಕೋಸ್ ಅಯಾನುಗಳಾಗಿ ಒಡೆಯುವುದಿಲ್ಲವಲ್ಲ! ಬಾಳೆಹಣ್ಣಿನ ಲೋಟದಲ್ಲಿ ನಮಗೆ ನೆರವಾದ ಅದೇ ಉಪ್ಪು ಇಲ್ಲಿ ಕೆಲಸ ಕೆಡಿಸುತ್ತದೆ. ಎರಡೂ ಕಡೆ ಅದು ಮಾಡುವುದು ಒಂದೇ ಕೆಲಸ.

ಧನಾವೇಶದ ಬೆಲೆ

ಧನ ಕಣ ಜೀವಕೋಶದ ಋಣ ಮೈಗೆ ಅಂಟುತ್ತದೆ. ಜೀವಕೋಶ ಪೊರೆಯನ್ನು ಒಳಕ್ಕೆ ಮಡಚಿ ಅದನ್ನು ಚೀಲವೊಂದರಲ್ಲಿ ಎಳೆದುಕೊಳ್ಳುತ್ತದೆ. ಆ ಚೀಲದ ಒಳಗಿನ ಪಿಹೆಚ್ ಕ್ರಮೇಣ ಸುಮಾರು 5ಕ್ಕೆ ಇಳಿಯುತ್ತದೆ. ಪಾಲಿಎಥಿಲೀನಿಮೀನಿನಲ್ಲಿ ಇನ್ನೂ ಖಾಲಿ ಉಳಿದಿದ್ದ ನೈಟ್ರೋಜನ್‌ಗಳು ಅಲ್ಲಿ ಪ್ರೋಟಾನ್‌ಗಳನ್ನು ಹೀರಿಕೊಳ್ಳುತ್ತವೆ. ಇದರಿಂದ ಚೀಲ ಉಬ್ಬಿ ಒಡೆಯುತ್ತದೆ ಎಂಬ ವಿವರಣೆಗೆ ಪ್ರೋಟಾನ್ ಸ್ಪಂಜ್ ಎಂಬ ಹೆಸರಿದೆ. ಅದು ಎಷ್ಟರಮಟ್ಟಿಗೆ ಸರಿ ಎಂಬ ಚರ್ಚೆ ಇನ್ನೂ ನಡೆದಿದೆ, ಆದ್ದರಿಂದ ತರಗತಿಯಲ್ಲಿ ಸಿದ್ಧಾಂತವೆಂದು ಹೇಳದೆ ಊಹೆ ಎಂದೇ ಹೇಳಬೇಕು.

ಹಾಗಾದರೆ ಧನಾವೇಶ ಹೆಚ್ಚಿದಷ್ಟೂ ಒಳ್ಳೆಯದೇ? ಅಲ್ಲ. ರಕ್ತದ ಆಲ್ಬುಮಿನ್‌ನಂಥ ಪ್ರೋಟೀನುಗಳೂ, ಕೆಂಪು ರಕ್ತಕಣಗಳ ಮೈಯೂ ಋಣಾವೇಶದವು. ಕಣ ಅವಕ್ಕೂ ಅಂಟುತ್ತದೆ. ಹೆಚ್ಚುವರಿ ಪಾಲಿಮರ್ ಜೀವಕೋಶದ ಪೊರೆಗೆ ಗಾಯ ಮಾಡುತ್ತದೆ. ಡಿಎನ್‌ಎಯನ್ನು ತೀರಾ ಬಿಗಿಯಾಗಿ ಕಟ್ಟಿದರೆ ಒಳಗೆ ಹೋದಮೇಲೆ ಬಿಚ್ಚಿಕೊಳ್ಳುವುದೂ ಇಲ್ಲ. ಬುತ್ತಿ ದಾರಿಯಲ್ಲಿ ಚೆಲ್ಲಬಾರದು, ಊಟದ ಹೊತ್ತಿಗೆ ಗಂಟು ಬಿಚ್ಚಲೂ ಬರಬೇಕು. ಅದಕ್ಕಾಗಿ ಕಣದ ಹೊರಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಆವೇಶವಿಲ್ಲದ ಪಾಲಿಮರಿನ ಹೊದಿಕೆ ಕೊಡುತ್ತಾರೆ. ಆಗ ಜೀಟಾ ವಿಭವ ಸೊನ್ನೆಯ ಹತ್ತಿರ ಬಂದರೂ ಹೊದಿಕೆಯ ಎಳೆಗಳೇ ಕಣಗಳನ್ನು ದೂರ ಇಡುತ್ತವೆ.

ಪಾಲಿಮರಿನ ಬದಲು ಲಿಪಿಡ್ ಬಳಸಿದವರು ಇನ್ನೊಂದು ಉಪಾಯ ಕಂಡುಕೊಂಡರು: ಪಿಹೆಚ್‌ಗೆ ತಕ್ಕಂತೆ ಆವೇಶ ಬದಲಿಸುವ ಲಿಪಿಡ್. ಆಮ್ಲೀಯ ದ್ರಾವಣದಲ್ಲಿ ಧನವಾಗಿ ಆರ್‌ಎನ್‌ಎಯನ್ನು ಕಟ್ಟಿಕೊಳ್ಳುತ್ತದೆ, ರಕ್ತದಲ್ಲಿ ಬಹುಮಟ್ಟಿಗೆ ಆವೇಶವಿಲ್ಲದೆ ಸಾಗುತ್ತದೆ, ಜೀವಕೋಶದ ಆಮ್ಲೀಯ ಚೀಲದಲ್ಲಿ ಮತ್ತೆ ಧನವಾಗುತ್ತದೆ. 2018ರಲ್ಲಿ ಮಂಜೂರಾದ ಪಾಟಿಸಿರಾನ್ ಎಂಬ ಔಷಧವೂ, 2020ರ ಕೊನೆಯಲ್ಲಿ ಬಂದ ಎಂಆರ್‌ಎನ್‌ಎ ಕೋವಿಡ್ ಲಸಿಕೆಗಳೂ ಇಂಥ ಕಣಗಳೇ. ನಮ್ಮ ದೇಶದಲ್ಲಿ 2021ರ ಆಗಸ್ಟ್‌ನಲ್ಲಿ ತುರ್ತು ಬಳಕೆಗೆ ಅನುಮತಿ ಪಡೆದ ಝೈಕೋವ್-ಡಿ, ಮನುಷ್ಯರಿಗಾಗಿ ಅನುಮತಿ ಪಡೆದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ. ಅದರಲ್ಲಿ ಪ್ಲಾಸ್ಮಿಡ್‌ಗೆ ಪಾಲಿಮರಿನ ಹೊದಿಕೆಯಿಲ್ಲ. ಸೂಜಿಯಿಲ್ಲದ ಸಾಧನದಿಂದ, ದ್ರವದ ಒತ್ತಡದಲ್ಲಿ ಚರ್ಮದೊಳಕ್ಕೆ ತಳ್ಳುತ್ತಾರೆ. ಆವೇಶದ ಅಡ್ಡಿಯನ್ನು ದಾಟಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ ಎನ್ನಲು ಇದು ಒಳ್ಳೆಯ ಉದಾಹರಣೆ.

ಪಾಠ ಮಾಡುವವರಿಗೆ

ಇಷ್ಟನ್ನೂ 10ನೇ ತರಗತಿಗೆ ಹೇಳಬೇಕಾಗಿಲ್ಲ. ನಾನು ಒಂದು ಅವಧಿಗೆ ಇಟ್ಟುಕೊಂಡದ್ದು ನಾಲ್ಕೇ ಅಂಶ: ಡಿಎನ್‌ಎ ಋಣಾವೇಶದ್ದು, ಉಪ್ಪು ಆವೇಶಕ್ಕೆ ಮರೆ, ಧನ ಪಾಲಿಮರಿನೊಡನೆ ಅದು ತಾನೇ ಕಟ್ಟಿಕೊಳ್ಳುತ್ತದೆ, ಉಳಿದ ಆವೇಶವೇ ಕಣವನ್ನು ಕಣವಾಗಿ ಉಳಿಸುತ್ತದೆ. ಮ್ಯಾನಿಂಗ್ ಲೆಕ್ಕ, ಜೀಟಾ ವಿಭವ, ಡಿಬೈ ದೂರ ನಮ್ಮ ತಿಳಿವಳಿಕೆಗೆ. ಪ್ರಶ್ನೆ ಬಂದಾಗ ಅವು ಬೆನ್ನಿಗಿರಬೇಕು.

ತಪ್ಪು ಕಲ್ಪನೆಗಳು ಮೂರು ಕಡೆ ಹುಟ್ಟುತ್ತವೆ. ಅಯಸ್ಕಾಂತದ ಧ್ರುವಗಳ ಹೋಲಿಕೆ ಕೊಟ್ಟರೆ ಮಕ್ಕಳು ಒಂದೇ ಕಣಕ್ಕೆ ಉತ್ತರ, ದಕ್ಷಿಣ ಎರಡನ್ನೂ ಹಚ್ಚುತ್ತಾರೆ. ಹಾಗಾಗಿ ಆ ಹೋಲಿಕೆ ಬೇಡ. ಜೀಟಾ ವಿಭವವನ್ನು ಕಣದ ಒಟ್ಟು ಆವೇಶವೆಂದು ತಿಳಿಯುವುದು ಎರಡನೆಯದು. ಅದು ಅಂಗಿಯ ಅಂಚಿನ ವಿಭವ ಮಾತ್ರ, ಉಪ್ಪು ಹೆಚ್ಚಿದರೆ ಕುಗ್ಗುತ್ತದೆ. ತಾನೇ ಕಟ್ಟಿಕೊಳ್ಳುತ್ತದೆ ಎಂದಾಗ ಕಣಕ್ಕೆ ಜೀವವಿದೆ ಎಂದುಕೊಳ್ಳುವುದು ಮೂರನೆಯದು. ಆಟದ ನಂತರ ಇದನ್ನು ಕೇಳಿ ತಿದ್ದುವುದು ಒಳ್ಳೆಯದು.

ಎರಡನೇ ಪಾಠವನ್ನು ನಾನು ಆರಂಭಿಸಿದ್ದು ಹೀಗೆ: "ಹೋದ ವಾರ ಉಪ್ಪಿನ ಬಗ್ಗೆ ನಾನು ಹೇಳಿದ್ದು ತಪ್ಪು. ಎಲ್ಲರೂ ಪುಸ್ತಕ ತೆಗೆಯಿರಿ." ಹೇಳುವ ಮುಂಚೆ ಅಂಜಿಕೆಯಿತ್ತು, ಇನ್ನು ನನ್ನ ಮಾತನ್ನು ಯಾರೂ ನಂಬುವುದಿಲ್ಲವೇನೋ ಎಂದು. ಆದದ್ದು ಬೇರೆ. ಆ ಅವಧಿಯಲ್ಲಿ ಬಂದಷ್ಟು ಪ್ರಶ್ನೆಗಳು ಇಡೀ ಬೋಧನಾಭ್ಯಾಸದಲ್ಲಿ ಬೇರೆ ಯಾವ ದಿನವೂ ಬರಲಿಲ್ಲ. ಎರಡನೇ ಬೆಂಚಿನ ಹುಡುಗಿ ಹಳೆಯ ಸಾಲನ್ನು ಅಳಿಸಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಹೊಸ ಉತ್ತರ ಬರೆದು, ಅದಕ್ಕೂ ಸ್ಕೇಲ್ ಇಟ್ಟು ಅಡಿಗೆರೆ ಹಾಕಿದಳು.